ಮೊದಲ ತಲೆಮಾರಿಗೆ ಸ್ಟಿಕ್ಕರು, ಐದನೇ ತಲೆಮಾರಿಗೆ ಸೀಟು

ನವೆಂಬರ್ 8 ಬಂತೆಂದರೆ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಿಗೆ ಹಬ್ಬದ ಕಳೆ. ಬಲೂನು, ಕೇಕು, ಟಿ-ಶರ್ಟು, ಎದೆ ಮೇಲೆ ಅಂಟಿಸಿಕೊಳ್ಳಲು ಸ್ಟಿಕ್ಕರು. ಅಂದು ಮೊದಲ ತಲೆಮಾರಿನ ವಿದ್ಯಾರ್ಥಿಗಳ ದಿನ. ಅಂದರೆ ಅಪ್ಪ ಅಮ್ಮ ಇಬ್ಬರಿಗೂ ಡಿಗ್ರಿ ಇಲ್ಲದ ಮನೆಯಿಂದ ಬಂದ ಮಕ್ಕಳ ದಿನ. 1965ರಲ್ಲಿ ಇದೇ ದಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದ್ದರು. ಅದರ ನೆನಪಿಗೆ 2017ರಿಂದ ಈ ಆಚರಣೆ ನಡೆಯುತ್ತಿದೆ. ಡೀನ್ ಸಾಹೇಬರು ಬರುತ್ತಾರೆ, ಹುಡುಗರ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ, 'ನೀವೇ ನಮ್ಮ ಹೆಮ್ಮೆ' ಎನ್ನುತ್ತಾರೆ.

ಫೋಟೊ ಮುಗಿದ ಮೇಲೆ ಡೀನ್ ಎಲ್ಲಿಗೆ ಹೋಗುತ್ತಾರೆ ಅನ್ನೋದು ನಮಗೆ ಬೇಕಾದ ವಿಷಯ. ಹೆಚ್ಚು ದೂರ ಇಲ್ಲ, ಪಕ್ಕದಲ್ಲೇ ಇರುವ ಅಡ್ಮಿಷನ್ ಆಫೀಸಿಗೆ.

ಅಲ್ಲಿನ ಅರ್ಜಿಯಲ್ಲಿ ಒಂದು ಕಾಲಂ ಇರುತ್ತದೆ. ಅಪ್ಪ ಅಮ್ಮ ಎಲ್ಲಿಯವರೆಗೆ ಓದಿದ್ದಾರೆ, ಯಾವ ಕಾಲೇಜಿನಲ್ಲಿ ಓದಿದ್ದಾರೆ? 'ಓದಿಲ್ಲ' ಎಂದು ಬರೆದವರಿಗೆ ನವೆಂಬರಿನಲ್ಲಿ ಸ್ಟಿಕ್ಕರು. 'ಇಲ್ಲೇ ಓದಿದ್ದಾರೆ, ತಾತನೂ ಇಲ್ಲೇ' ಎಂದು ಬರೆದವರಿಗೆ ಸೀಟಿನ ಕಡೆಗೆ ಸಣ್ಣದೊಂದು ತಳ್ಳು. ಇದಕ್ಕೆ 'ಲೆಗಸಿ' ಎಂದು ಹೆಸರು. ಒಂದೇ ಕಾಲಂನಲ್ಲಿ ಎರಡೂ ಕೆಲಸ ಮುಗಿಯಿತು, ಕಾಗದವೂ ಉಳಿಯಿತು.

ತಳ್ಳು ನಿಜಕ್ಕೂ ಸಣ್ಣದಾ? ಹಾರ್ವರ್ಡ್ ಮೇಲೆ ನಡೆದ ಕೇಸಿನಲ್ಲಿ ಆರು ವರ್ಷಗಳ ಲೆಕ್ಕ ಹೊರಗೆ ಬಂತು. ಅಲ್ಲೇ ಓದಿದವರ ಮಕ್ಕಳು ಅರ್ಜಿ ಹಾಕಿದರೆ ಮೂವರಲ್ಲಿ ಒಬ್ಬರಿಗೆ ಸೀಟು. ಉಳಿದವರಲ್ಲಿ ನೂರಕ್ಕೆ 6 ಮಂದಿಗೆ. 'ಆ ಮಕ್ಕಳೂ ಬುದ್ಧಿವಂತರೇ ಸ್ವಾಮಿ' ಅನ್ನೋದು ಇದಕ್ಕೆ ಸಿದ್ಧ ಉತ್ತರ. ಇರಬಹುದು, ಯಾರು ಇಲ್ಲ ಅಂದರು? ಮನೆ ತುಂಬ ಪುಸ್ತಕ, ವಿಷಯಕ್ಕೊಬ್ಬ ಟ್ಯೂಷನ್ ಮೇಷ್ಟ್ರು, ಅರ್ಜಿಯ ಪ್ರಬಂಧ ತಿದ್ದೋದಕ್ಕೆ ಬೇರೆ ಸಲಹೆಗಾರ. ಅಷ್ಟೆಲ್ಲ ಇದ್ದ ಮೇಲೂ ತಳ್ಳು ಯಾಕೆ ಬೇಕು ಅನ್ನೋ ಪ್ರಶ್ನೆಗೆ ಮಾತ್ರ ಉತ್ತರ ಬರೋದಿಲ್ಲ. ಡೀನ್ ಹತ್ತಿರ ಆಸಕ್ತಿಯ ಪಟ್ಟಿ ಅಂತ ಇನ್ನೊಂದಿದೆ ಎಂಬುದೂ ಅದೇ ಕೇಸಿನಲ್ಲಿ ಗೊತ್ತಾಯಿತು. ಅದರಲ್ಲಿ ದೊಡ್ಡ ದಾನಿಗಳ ಕಡೆಯವರಿರುತ್ತಾರೆ. ಡೀನರಿಗೆ ಅವರಲ್ಲಿ ಆಸಕ್ತಿ ಹುಟ್ಟಿದ್ದು ಹೇಗೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

2023ರ ಜೂನ್‌ನಲ್ಲಿ ಆ ಕೇಸಿನ ತೀರ್ಪು ಬಂತು. ಸೀಟು ಕೊಡುವಾಗ ಅಭ್ಯರ್ಥಿಯ ಜನಾಂಗ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಪ್ಪು ಜನರಿಗೆ, ಲ್ಯಾಟಿನೊ ಮಕ್ಕಳಿಗೆ ಇದ್ದ ಅಷ್ಟಿಷ್ಟು ಆಸರೆಯೂ ಹೋಯಿತು. ಲೆಗಸಿ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಅಜ್ಜಿಯ ಬಣ್ಣ ನೋಡಬಾರದು, ಅಜ್ಜನ ಚೆಕ್ಕು ನೋಡಬಹುದು. ಎಲ್ಲರೂ ಸಮಾನರು, ಯಾರೂ ತಪ್ಪು ತಿಳಿಯಬಾರದು.

ಕ್ಯಾಲಿಫೋರ್ನಿಯಾದವರು ಸುಮ್ನೆ ಕೂರಲಿಲ್ಲ. 2024ರಲ್ಲಿ ಕಾನೂನು ಮಾಡಿ, ಖಾಸಗಿ ಕಾಲೇಜುಗಳೂ ಲೆಗಸಿ ನೋಡುವಂತಿಲ್ಲ ಎಂದರು. ಮುರಿದರೆ ಘೋರ ಶಿಕ್ಷೆ. ಕಾಲೇಜಿನ ಹೆಸರನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಹಾಕುತ್ತಾರೆ! ದಂಡದ ಪ್ರಸ್ತಾಪ ಮಸೂದೆಯಲ್ಲಿ ಮೊದಲು ಇತ್ತಂತೆ, ದಾರಿಯಲ್ಲಿ ಎಲ್ಲೋ ಉದುರಿಹೋಯಿತು.

ಈ ಶಿಕ್ಷೆಗೂ ಬೆದರದೆ ಸ್ಟ್ಯಾನ್‌ಫರ್ಡ್ ತೋರಿಸಿದ ಜಾಣತನ ಇದೆಯಲ್ಲ, ಅದಕ್ಕೆ ಒಂದು ಶಾಲು ಹೊದಿಸಲೇಬೇಕು. ರಾಜ್ಯದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳಿಗೆ ಮಾತ್ರ ಈ ಕಾನೂನು. ಆ ನೆರವಿನ ಹೆಸರು ಕ್ಯಾಲ್ ಗ್ರಾಂಟ್, ಅದು ಸಿಗುವುದು ಕಡಿಮೆ ಆದಾಯದ ಮನೆಯ ಮಕ್ಕಳಿಗೆ. ಸ್ಟ್ಯಾನ್‌ಫರ್ಡ್ 2025ರಲ್ಲಿ ಏನು ಮಾಡಿತು ಗೊತ್ತಾ? ಲೆಗಸಿ ಇಟ್ಟುಕೊಂಡು ಕ್ಯಾಲ್ ಗ್ರಾಂಟನ್ನೇ ಬಿಟ್ಟುಬಿಟ್ಟಿತು. ಆ ಹಣವನ್ನು ನಾವೇ ಕೈಯಿಂದ ತುಂಬಿಕೊಡುತ್ತೇವೆ ಎಂದು ಹೇಳಿತು, ಆ ಮಾತನ್ನೂ ಇಲ್ಲಿ ದಾಖಲಿಸಬೇಕು. ಆದರೂ ನೋಡಿ, ಹಳೆ ವಿದ್ಯಾರ್ಥಿಯ ಮಗನಿಗೆ ತಳ್ಳು ಕೊಡುವ ಹಕ್ಕು ಎಷ್ಟು ಬೆಲೆಬಾಳುತ್ತದೆ ಅಂದರೆ, ಅದಕ್ಕಾಗಿ ಬಡವರ ಮಕ್ಕಳಿಗೆ ಬರುತ್ತಿದ್ದ ಸರ್ಕಾರಿ ದುಡ್ಡನ್ನೂ ಬೇಡ ಎನ್ನಬಹುದು. ಮಗುವನ್ನು ಚಿವುಟಿ ತೊಟ್ಟಿಲು ತೂಗೋದು ಕೇಳಿದ್ದೆವು. ತೊಟ್ಟಿಲನ್ನೂ ಸ್ವಂತ ಖರ್ಚಿನಲ್ಲಿ ಮಾಡಿಸಿಕೊಡುವ ಔದಾರ್ಯ ಹೊಸದು.

ಲೆಗಸಿ ತೆಗೆದರೆ ಹಳೆ ವಿದ್ಯಾರ್ಥಿಗಳು ದಾನ ನಿಲ್ಲಿಸುತ್ತಾರೆ, ದಾನ ನಿಂತರೆ ಬಡವರಿಗೆ ಸ್ಕಾಲರ್‌ಶಿಪ್ ಎಲ್ಲಿಂದ ತರೋಣ ಎಂದು ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಪಾಪ. ಜಾನ್ಸ್ ಹಾಪ್ಕಿನ್ಸ್ 2014ರಲ್ಲಿ ಸದ್ದಿಲ್ಲದೆ ಲೆಗಸಿ ನಿಲ್ಲಿಸಿತು. 2018ರಲ್ಲಿ ಅಲ್ಲಿನ ಹಳೆ ವಿದ್ಯಾರ್ಥಿ ಮೈಕೆಲ್ ಬ್ಲೂಮ್‌ಬರ್ಗ್ ವಿದ್ಯಾರ್ಥಿ ನೆರವಿಗೆಂದೇ 180 ಕೋಟಿ ಡಾಲರ್ ಕೊಟ್ಟರು. 2009ರಲ್ಲಿ ಅಲ್ಲಿ ಹೊಸದಾಗಿ ಸೇರಿದವರಲ್ಲಿ ನೂರಕ್ಕೆ ಹನ್ನೆರಡೂವರೆ ಮಂದಿ ಲೆಗಸಿ ಮಕ್ಕಳು. 2019ಕ್ಕೆ ಅದು ಮೂರೂವರೆಗೆ ಇಳಿಯಿತು. ಬಡ ಮಕ್ಕಳಿಗೆ ಸಿಗುವ ಪೆಲ್ ಗ್ರಾಂಟಿಗೆ ಅರ್ಹರಾದವರು 9ರಿಂದ 19ಕ್ಕೆ ಏರಿದರು. ಹಾಪ್ಕಿನ್ಸ್ ಕಟ್ಟಡಗಳು ಇನ್ನೂ ಬಿದ್ದಿಲ್ಲ.

ಆದರೆ ಇಂಥ ಸುಲಭ ದಾರಿ ಹಿಡಿದರೆ ಮೊದಲ ತಲೆಮಾರಿನವರಿಗೆಂದೇ ತೆರೆದಿರುವ ಇಷ್ಟೆಲ್ಲ ಸಹಾಯ ಕೇಂದ್ರಗಳ ಗತಿ ಏನು? ಅಲ್ಲಿ ವರ್ಷವಿಡೀ ಕಾರ್ಯಾಗಾರ. ಪ್ರೊಫೆಸರಿಗೆ ಈಮೇಲ್ ಬರೆಯುವುದು ಹೇಗೆ, ಕೈಕುಲುಕುವುದು ಹೇಗೆ, 'ನಾನಿಲ್ಲಿಗೆ ಸೇರಿದವನಲ್ಲ' ಎಂಬ ಅಳುಕನ್ನು ಮೀರುವುದು ಹೇಗೆ. ಪಕ್ಕದ ರೂಮಿನ ಹುಡುಗನ ತಾತನ ಹೆಸರು ಲೈಬ್ರರಿ ಗೋಡೆ ಮೇಲೆ ಕೆತ್ತಿದೆ. ಇವನು ಕನ್ನಡಿ ಮುಂದೆ ನಿಂತು 'ನಾನೂ ಇಲ್ಲಿಯವನೇ' ಎಂದು ಹೇಳಿಕೊಳ್ಳಬೇಕು. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಇನ್ನೊಂದು ಸಲ.

ಅಷ್ಟರಲ್ಲಿ ವಸಂತ ರಜೆ ಬರುತ್ತದೆ. ದೊಡ್ಡ ದೊಡ್ಡ ಕಾಲೇಜುಗಳಲ್ಲೇ ಆಗ ಊಟದ ಹಾಲ್ ಮುಚ್ಚುತ್ತಿದ್ದುದನ್ನು ಸಮಾಜಶಾಸ್ತ್ರಜ್ಞ ಆಂಥೊನಿ ಅಬ್ರಹಾಂ ಜ್ಯಾಕ್ ಬರೆದಿದ್ದಾರೆ. ಅವರೂ ಮೊದಲ ತಲೆಮಾರಿನವರೇ. ರಜೆ ಅಂದಮೇಲೆ ಎಲ್ಲರೂ ಊರಿಗೋ ಸಮುದ್ರತೀರಕ್ಕೋ ಹೋಗಿರುತ್ತಾರೆ ಅನ್ನೋದು ಆಡಳಿತದ ಲೆಕ್ಕ. ವಿಮಾನದ ಟಿಕೆಟ್ಟಿಗೆ ದುಡ್ಡಿಲ್ಲದವನು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುತ್ತಾನೆ, ಎದೆ ಮೇಲೆ ಸ್ಟಿಕ್ಕರು.

ಈಚೆಗೆ ಹೊಸ ವಾದ ಒಂದು ಚಾಲ್ತಿಯಲ್ಲಿದೆ. ಈಗಂತೂ ಎಲ್ಲ ಬಗೆಯ ಮಕ್ಕಳೂ ಡಿಗ್ರಿ ಪಡೆದು ಹೊರಗೆ ಹೋಗಿದ್ದಾರೆ. ಅವರ ಮಕ್ಕಳ ಸರದಿ ಬರುವ ಹೊತ್ತಿಗೆ ಲೆಗಸಿ ತೆಗೆದರೆ ಅನ್ಯಾಯವಲ್ಲವೇ ಎಂದು. ಎಂಥ ದೂರದೃಷ್ಟಿ! ಮೊದಲ ತಲೆಮಾರಿನವನ ಹಿತಕ್ಕಾಗಿಯೇ ಐದನೇ ತಲೆಮಾರಿನವನನ್ನು ಇಷ್ಟು ವರ್ಷ ಸಾಕಿದ್ದು. ಇನ್ನು ಇಪ್ಪತ್ತೈದು ವರ್ಷ ಕಾಯಬೇಕು, ಅಷ್ಟೇ. ಕಾಯುವಾಗ ವಿಶ್ವವಿದ್ಯಾಲಯದ ಮೇಲಿನ ಪ್ರೀತಿಯನ್ನು ಆಗಾಗ ತೋರಿಸುತ್ತಿರಬೇಕು. ಓದಿನ ಸಾಲದ ಕಂತು ಇನ್ನೂ ಅರ್ಧ ತೀರಿರುವುದಿಲ್ಲ, ಹಳೆ ವಿದ್ಯಾರ್ಥಿ ಸಂಘದಿಂದ ಫೋನ್ ಬರುತ್ತದೆ. ದನಿ ಬಹಳ ಮೃದು. 'ಸರ್, ನಿಮ್ಮಂಥ ಮೊದಲ ತಲೆಮಾರಿನವರಿಗೆ ಸಹಾಯ ಮಾಡೋಕೆ ನಿಧಿ ಕೂಡಿಸ್ತಾ ಇದ್ದೀವಿ. ತಿಂಗಳಿಗೆ ಎಷ್ಟು ಅಂತ ಬರೆದುಕೊಳ್ಳಲಿ?'