ವಸಂತದ ಜಲಪಾತವನ್ನು ದಡದಲ್ಲಿ ನಿಂತೇ ನೋಡಿ

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಕಳೆದು ನಾಲ್ಕು ದಿನ ಒಳ್ಳೆ ಬಿಸಿಲು ಬಂತು ಅಂದರೆ ಜನ ಮನೆಯಲ್ಲಿ ಕೂರುವುದಿಲ್ಲ. ಬೆಳಗ್ಗೆ ಹೊರಟು ಸಂಜೆಗೆ ವಾಪಸ್ ಬರುವಂಥ ಜಾಗ ಹುಡುಕುತ್ತಾರೆ. ಜಲಪಾತ, ಒರತೆ, ಸರೋವರದ ದಂಡೆ, ಕಾಡಿನ ಕಾಲುದಾರಿ. ಈ ಕಾಲದ ತಿರುಗಾಟ ಅಂದರೆ ನನಗೂ ಪ್ರಾಣ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ವಸಂತದಲ್ಲಿ ಜಲಪಾತಕ್ಕೆ ಖಂಡಿತ ಹೋಗಿ, ಆದರೆ ದಯವಿಟ್ಟು ನೀರಿಗೆ ಇಳಿಯಬೇಡಿ.

ಹೋಗಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಇದಕ್ಕಿಂತ ಒಳ್ಳೆ ಕಾಲ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಜಲಪಾತವನ್ನೇ ನೋಡಿ. 739 ಮೀಟರ್ ಎತ್ತರ. ಅದಕ್ಕೆ ನೀರು ಬರುವುದು ಮೇಲಿನ ಬೆಟ್ಟಗಳ ಹಿಮ ಕರಗಿ. ಮೇ ತಿಂಗಳ ಹೊತ್ತಿಗೆ ಮೈದುಂಬಿ ಬೀಳುತ್ತದೆ, ಬೇಸಿಗೆ ಕೊನೆಗೆ ಬಹುತೇಕ ಒಣಗಿ ಹೋಗುತ್ತದೆ. ಆಗಸ್ಟ್ ಕೊನೆಗೆ ಹೋದವರಿಗೆ ಎಷ್ಟೋ ಸಲ ಬರೀ ಒದ್ದೆ ಬಂಡೆ ಕಾಣುತ್ತದೆ. ವಸಂತದ ಹುಣ್ಣಿಮೆ ರಾತ್ರಿಗಳಲ್ಲಿ ಅಲ್ಲಿನ ತುಂತುರಿನಲ್ಲಿ ಬೆಳದಿಂಗಳಿಗೇ ಕಾಮನಬಿಲ್ಲು ಮೂಡುತ್ತದೆ. ಇಂಥದ್ದನ್ನು ನೋಡಲು ಎಷ್ಟು ದೂರ ಹೋದರೂ ಸರಿಯೇ ಅಂತ ನನ್ನ ಅಭಿಪ್ರಾಯ. ಮಳೆಯನ್ನೇ ನಂಬಿದ ಜಲಪಾತಗಳ ಲೆಕ್ಕ ಬೇರೆ, ಅವು ಮಳೆಗಾಲ ನೋಡಿಕೊಂಡು ಹೋಗಬೇಕಾದವು. ನಾನು ಹೇಳುತ್ತಿರುವುದು ಹಿಮದ ನೀರಿನ ಬಗ್ಗೆ.

ಈ ಹಿಮದ ನೀರಿನ ಹತ್ತಿರ ನಮ್ಮನ್ನು ಮೋಸ ಮಾಡುವುದು ಬಿಸಿಲು. ಮೈ ಬೆಚ್ಚಗಾಗಿದೆ, ನಡೆದು ಬೆವರಿದ್ದೀವಿ, ಎದುರಿಗೆ ತಿಳಿನೀರು. ಒಂದು ಸಲ ಹಾರಿಬಿಡೋಣ ಅನಿಸುವುದು ಸಹಜ ಅಲ್ವಾ? ಆದರೆ ಗಾಳಿ ಬೆಚ್ಚಗಾದಷ್ಟು ಬೇಗ ನೀರು ಬೆಚ್ಚಗಾಗುವುದಿಲ್ಲ. ಆ ನೀರು ಸ್ವಲ್ಪ ಹೊತ್ತಿನ ಹಿಂದಿನವರೆಗೂ ಹಿಮವಾಗಿತ್ತು. 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಮೈ ದಿಢೀರನೆ ಬಿದ್ದರೆ ಮೊದಲು ಆಗುವುದು ಏದುಸಿರು. ಬೇಕು ಅಂತ ಎಳೆದುಕೊಂಡ ಉಸಿರಲ್ಲ ಅದು, ತಾನಾಗಿ ಬರುವ ದೊಡ್ಡ ಉಸಿರು. ಆ ಕ್ಷಣಕ್ಕೆ ಮುಖ ನೀರೊಳಗಿದ್ದರೆ ಗಾಳಿ ಬದಲು ನೀರೇ ಒಳಗೆ ಹೋಗುತ್ತದೆ. ಎದೆಬಡಿತ ಏರುತ್ತದೆ. ಮೊದಲ ಒಂದೆರಡು ನಿಮಿಷ ಉಸಿರು ನಮ್ಮ ಮಾತು ಕೇಳುವುದಿಲ್ಲ. ಆಮೇಲೆ ಸ್ವಲ್ಪ ಹೊತ್ತಿಗೆ ಕೈಕಾಲು ಸೋಲುತ್ತವೆ. ಚೆನ್ನಾಗಿ ಈಜು ಬರುವವರಿಗೂ ಇದು ಆಗುತ್ತದೆ. ನಂಗೆ ಈಜು ಬರುತ್ತೆ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಯಾರಾದರೂ ಅಕಸ್ಮಾತ್ ಬಿದ್ದರೆ ತಕ್ಷಣ ಈಜಲು ಹೋಗಬಾರದು. ಬೆನ್ನ ಮೇಲೆ ತೇಲುತ್ತಾ, ಬಾಯಿ ನೀರಿನಿಂದ ಹೊರಗಿಟ್ಟುಕೊಂಡು, ಉಸಿರು ಹತೋಟಿಗೆ ಬರುವವರೆಗೆ ಕಾಯಬೇಕು. ಈ ಒಂದು ವಿಷಯವನ್ನಾದರೂ ಮಕ್ಕಳಿಗೆ ಹೇಳಿಕೊಡಿ.

ಜಲಪಾತದ ಬುಡದ ಮಡು ಇನ್ನೂ ಅಪಾಯ. ಮೇಲಿಂದ ಬಿದ್ದ ನೀರು ತಳಕ್ಕೆ ನುಗ್ಗಿ, ಸ್ವಲ್ಪ ದೂರದಲ್ಲಿ ಮೇಲೆದ್ದು, ಮೇಲ್ಭಾಗದಲ್ಲಿ ಮತ್ತೆ ಜಲಪಾತದ ಕಡೆಗೇ ತಿರುಗಬಹುದು. ಆ ಸುತ್ತಿಗೆ ಸಿಕ್ಕವರನ್ನು ಅದು ಮತ್ತೆ ಮತ್ತೆ ಕೆಳಗೆ ತಳ್ಳುತ್ತದೆ. ಜೊತೆಗೆ ಆ ಬಿಳಿ ನೊರೆಯಲ್ಲಿ ಅರ್ಧಕ್ಕರ್ಧ ಗಾಳಿಯೇ ಇರಬಹುದು. ಗಾಳಿ ತುಂಬಿದ ನೀರು ಮೈಯನ್ನು ಸರಿಯಾಗಿ ತೇಲಿಸುವುದಿಲ್ಲ.

ಅಂಚಿನ ಬಂಡೆಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಬಗ್ಗಿ, ಬೆರಳಿನಿಂದ ಮುಟ್ಟಿ. ಪಾಚಿ ಹಸಿರಾಗಿಯೇ ಇರಬೇಕು ಅಂತಿಲ್ಲ. ಕಂದು, ಕಪ್ಪು, ಎಷ್ಟೋ ಕಡೆ ಬಣ್ಣವೇ ಇಲ್ಲದ ತೆಳು ಲೋಳೆ. ಕಣ್ಣಿಗೆ ಬರೀ ಒದ್ದೆ ಕಲ್ಲು, ಬೆರಳಿಗೆ ಮಾತ್ರ ಗೊತ್ತಾಗುತ್ತದೆ ಅದು ಎಷ್ಟು ಜಾರುತ್ತದೆ ಅಂತ. ತುಂತುರು ಬೀಳುವಷ್ಟು ದೂರವೂ ಬಂಡೆ ಹೀಗೇ ಇರುತ್ತದೆ. ಜನ ಬೇಲಿ ದಾಟಿ, ಫೋಟೋಗಾಗಿ ನೀರಿಗೆ ಬೆನ್ನು ತಿರುಗಿಸಿ ನಿಲ್ಲುವುದು ಇಂಥ ಕಲ್ಲಿನ ಮೇಲೆ. ನನಗೆ ಇದನ್ನು ನೋಡಿದರೆ ನಿಜವಾಗಿ ಎದೆ ಝಲ್ಲೆನ್ನುತ್ತದೆ. ಬೇಲಿ ಹಾಕಿದವರು ನಮ್ಮ ಖುಷಿ ಕೆಡಿಸಲು ಹಾಕಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿರುವುದಿಲ್ಲ. ಹಿಮದ ಹಳ್ಳ ದಿನವಿಡೀ ಒಂದೇ ಥರ ಇರುವುದಿಲ್ಲ. ಮೇಲೆ ಹಿಮ ಜಾಸ್ತಿ ಕರಗುವುದು ಮಧ್ಯಾಹ್ನದ ಬಿಸಿಲಿಗೆ. ಆ ನೀರು ಕೆಳಗೆ ಬಂದು ಸೇರುವ ಹೊತ್ತಿಗೆ ಸಂಜೆಯಾಗುತ್ತದೆ, ದೂರ ಇದ್ದರೆ ರಾತ್ರಿ. ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ದಾಟಿ ಹೋದ ಹಳ್ಳ ವಾಪಸ್ ಬರುವಾಗ ಆ ಕಲ್ಲುಗಳನ್ನೇ ಮುಳುಗಿಸಿಕೊಂಡಿರುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಜೋರಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನೇ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಬೇಗ ಹೊರಡಿ, ಹಳ್ಳ ದಾಟುವ ದಾರಿಯಾದರೆ ಮಧ್ಯಾಹ್ನದೊಳಗೆ ಹಿಂತಿರುಗಿ.

ನನ್ನನ್ನು ಕೇಳಿದರೆ ಜಲಪಾತಕ್ಕಿಂತ ಒರತೆಯ ಹತ್ತಿರ ಇಡೀ ದಿನ ಕಳೆಯಬಹುದು. ಅದಕ್ಕೆ ಸದ್ದಿಲ್ಲ, ಎತ್ತರವಿಲ್ಲ, ಹಾಗಾಗಿ ಜನ ಎರಡು ನಿಮಿಷ ನಿಂತು ಹೊರಟುಬಿಡುತ್ತಾರೆ. ಸುಮ್ನೆ ಕೂತು ತಳ ನೋಡಿ. ನೀರು ಕೆಳಗಿಂದ ಒತ್ತಿ ಬರುವ ಜಾಗದಲ್ಲಿ ಮರಳು ಕುದಿಯುವ ಹಾಗೆ ಏಳುತ್ತಾ ಬೀಳುತ್ತಾ ಇರುತ್ತದೆ. ಒಂದು ಬಾಯಿ ಮುಚ್ಚಿಕೊಂಡರೆ ಪಕ್ಕದಲ್ಲಿ ಇನ್ನೊಂದು ತೆರೆದುಕೊಳ್ಳುತ್ತದೆ. ನೆಲದೊಳಗಿಂದ ಬರುವ ನೀರಿಗೆ ಋತುಗಳ ಹಂಗು ಕಡಿಮೆ. ಅದರ ಬಿಸಿ ಸಾಮಾನ್ಯವಾಗಿ ಆ ಊರಿನ ಇಡೀ ವರ್ಷದ ಸರಾಸರಿ ಬಿಸಿಯ ಆಸುಪಾಸಿನಲ್ಲೇ ಇರುತ್ತದೆ. ಫ್ಲಾರಿಡಾದ ಬ್ಲೂ ಸ್ಪ್ರಿಂಗ್ ನೀರು ವರ್ಷಪೂರ್ತಿ ಸುಮಾರು 22 ಡಿಗ್ರಿ. ಚಳಿಗಾಲದಲ್ಲಿ ನದಿ ತಣ್ಣಗಾದಾಗ ಮ್ಯಾನಟಿ ಎಂಬ ದೊಡ್ಡ ಜಲಪ್ರಾಣಿಗಳು ಅಲ್ಲಿಗೆ ಬಂದು ಸೇರುತ್ತವೆ. ಅವು ಇರುವಷ್ಟು ದಿನ ಅಲ್ಲಿ ಜನ ನೀರಿಗಿಳಿಯುವ ಹಾಗಿಲ್ಲ. ಎಷ್ಟು ಒಳ್ಳೆಯ ನಿಯಮ! ಅಂದ ಹಾಗೆ, ಒರತೆ ನೀರು ಕನ್ನಡಿಯಂತಿದ್ದರೂ ಹಾಗೇ ಕುಡಿಯಬೇಡಿ. ಹೊಟ್ಟೆ ಕೆಡಿಸುವ ಜೀವಿಗಳು ಕಣ್ಣಿಗೆ ಕಾಣುವುದಿಲ್ಲ.

ಈಜಬೇಡಿ ಅಂದರೆ ಸಿಟ್ಟಾಗುವವರು ಕ್ರೊಯೇಷಿಯಾದ ಪ್ಲಿಟ್‌ವಿಟ್ಸೆ ಬಗ್ಗೆ ತಿಳಿದುಕೊಳ್ಳಬೇಕು. 16 ಸರೋವರಗಳು, ಒಂದರಿಂದ ಇನ್ನೊಂದಕ್ಕೆ ಧುಮುಕುವ ನೀರು. 1979ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿನ ಒಡ್ಡುಗಳನ್ನು ಯಾರೂ ಕಟ್ಟಿದ್ದಲ್ಲ. ನೀರಿನಲ್ಲಿ ಕರಗಿದ ಸುಣ್ಣ ಪಾಚಿಯ ಮೇಲೆ, ಬಿದ್ದ ಕೊಂಬೆಗಳ ಮೇಲೆ ಪದರ ಪದರವಾಗಿ ಕೂತು ಕಲ್ಲಾಗಿದೆ, ಇವತ್ತಿಗೂ ಆಗುತ್ತಲೇ ಇದೆ. ಮೆತ್ತಗಿನ ಕಲ್ಲು, ಕಾಲಿಟ್ಟರೆ ಮುರಿಯುತ್ತದೆ. ಅಲ್ಲಿ ಈಜು ನಿಷೇಧ, ಮರದ ಹಲಗೆಯ ದಾರಿ ಬಿಟ್ಟು ಇಳಿಯುವಂತಿಲ್ಲ. ಆ ಹಲಗೆಗಳ ಮೇಲೆ ನಿಂತರೂ ನೀರು ಕಾಲಡಿಯಲ್ಲೇ ಹರಿಯುತ್ತಿರುತ್ತದೆ. ನೋಡುವ ಖುಷಿಗೆ ಏನೂ ಕಮ್ಮಿ ಆಗುವುದಿಲ್ಲ.

ಕೆಸರಿನ ಬಗ್ಗೆಯೂ ಹೇಳಲೇಬೇಕು. ಹಿಮ ಕರಗುವಾಗ ಮೇಲ್ಮಣ್ಣು ಸಡಿಲವಾಗುತ್ತದೆ, ಕೆಳಗಿನದು ಇನ್ನೂ ಹೆಪ್ಪುಗಟ್ಟಿರುತ್ತದೆ. ನೀರು ಇಂಗಲು ಜಾಗವಿಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ ಮೇ ಕೊನೆಯವರೆಗೂ ಎತ್ತರದ ದಾರಿಗಳಿಗೆ ಬರಬೇಡಿ ಅಂತ ಕೇಳಿಕೊಳ್ಳುತ್ತಾರೆ. ಐಸ್‌ಲ್ಯಾಂಡಿನ ಫ್ಯಾದ್ರಾರ್‌ಗ್ಲ್ಯೂಫರ್ ಕಣಿವೆ 2015ರಲ್ಲಿ ಪಾಪ್ ಗಾಯಕ ಜಸ್ಟಿನ್ ಬೀಬರ್ ಅವರ ಒಂದು ವಿಡಿಯೋದಲ್ಲಿ ಕಾಣಿಸಿಕೊಂಡ ಮೇಲೆ ಜನಸಾಗರವೇ ಹರಿಯಿತು. ಜನ ದಾರಿ ಬಿಟ್ಟು ತುಳಿದು ಪಾಚಿ, ಗಿಡ ಎಲ್ಲ ಹಾಳಾಗಿ 2019ರಲ್ಲಿ ಅದನ್ನು ಮುಚ್ಚಬೇಕಾಯಿತು. ಅಲ್ಲಿನ ಚಳಿಗೆ ಪಾಚಿ ಮತ್ತೆ ಬೆಳೆಯಲು ವರ್ಷಗಳೇ ಬೇಕು. ದಾರಿಯಲ್ಲಿ ಕೆಸರು ಸಿಕ್ಕರೆ ಪಕ್ಕದ ಹುಲ್ಲಿನ ಮೇಲೆ ಬಳಸಿಕೊಂಡು ಹೋಗಬೇಡಿ. ಒಬ್ಬೊಬ್ಬರು ಹಾಗೆ ಬಳಸಿದರೂ ಕಾಲುದಾರಿ ಅಗಲವಾಗುತ್ತಾ ಹೋಗುತ್ತದೆ. ಒಳ್ಳೆ ಬೂಟು ಹಾಕಿಕೊಂಡು ಕೆಸರಿನಲ್ಲೇ ನಡೆಯಿರಿ. ಬೂಟು ತೊಳೆದರೆ ಆಯಿತು.

ಒಂದೇ ದಿನಕ್ಕೆ ಐದಾರು ಜಾಗ ತುರುಕುವುದನ್ನೂ ಬಿಟ್ಟುಬಿಡಿ. ಓಡೋಡಿ ನೋಡುವಾಗಲೇ ಜನ ಅಡ್ಡದಾರಿ ಹಿಡಿಯುವುದು, ಕತ್ತಲಾದ ಮೇಲೆ ಇಳಿಯುವುದು, ಮಕ್ಕಳ ಕೈ ಬಿಡುವುದು. ಒಂದು ಜಾಗ ಆರಿಸಿಕೊಳ್ಳಿ. ಆ ಪಾರ್ಕಿನ ವೆಬ್‌ಸೈಟನ್ನು ಹೊರಡುವ ದಿನ ಬೆಳಗ್ಗೆ ಮತ್ತೊಮ್ಮೆ ನೋಡಿ, ಯಾಕಂದರೆ ವಸಂತದಲ್ಲಿ ಕಾಲುಸೇತುವೆಗಳು ರಾತ್ರೋರಾತ್ರಿ ಕೊಚ್ಚಿಹೋಗುತ್ತವೆ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ಕಣಿವೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದು ಕಷ್ಟ.