ಫಾರ್ಮ್‌ವಿಲ್‌ನ ಆ ಶಾಲೆ ನೋಡಿ ಬಂದ ಮೇಲೆ

ವರ್ಜೀನಿಯಾದ ರಿಚ್‌ಮಂಡ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಂದ ಕಾರಿನಲ್ಲಿ ಒಂದೂಕಾಲು ಗಂಟೆ ಹೋದರೆ ಫಾರ್ಮ್‌ವಿಲ್. ಅಲ್ಲಿನ ಮೋಟನ್ ಹೈಸ್ಕೂಲ್ ಈಗ ಮ್ಯೂಸಿಯಂ ಆಗಿದೆ. ಹೋದ ತಿಂಗಳು ಮಗಳನ್ನು ಕರೆದುಕೊಂಡು ಹೋಗಿದ್ದೆ.

ಅದು ಕಪ್ಪು ಮಕ್ಕಳಿಗೆಂದೇ ಇದ್ದ ಶಾಲೆ. 180 ಮಕ್ಕಳಿಗೆ ಕಟ್ಟಿದ್ದು, ಓದುತ್ತಿದ್ದವರು 450ರಷ್ಟು. ಜಾಗ ಸಾಲದೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳನ್ನು ಹಾಕಿದ್ದರು. ಚಳಿಗಾಲದಲ್ಲಿ ಒಲೆ ಪಕ್ಕ ಕೂತವರು ಬೆವರುತ್ತಿದ್ದರಂತೆ, ದೂರ ಕೂತವರು ಕೋಟು ಬಿಚ್ಚುತ್ತಿರಲಿಲ್ಲವಂತೆ. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ ಹದಿನಾರರ ಹುಡುಗಿ ಎಲ್ಲರನ್ನೂ ಸಭಾಂಗಣದಲ್ಲಿ ಸೇರಿಸಿ, ಮಾತಾಡಿ, ಶಾಲೆಯಿಂದ ಹೊರಗೆ ನಡೆಸಿಕೊಂಡು ಹೋದಳು. ನನ್ನ ಮಗಳಿಗೆ ಹದಿನಾಲ್ಕು. ಆ ವೇದಿಕೆಯ ಮುಂದೆ ತುಂಬಾ ಹೊತ್ತು ನಿಂತಿದ್ದಳು.

ಮಕ್ಕಳು ಮೊದಲು ಕೇಳಿದ್ದು ಒಳ್ಳೆ ಕಟ್ಟಡ. ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಬೇರೆ ಕೂರಿಸುವುದನ್ನೇ ಪ್ರಶ್ನಿಸುವುದಾದರೆ ಕೇಸು ಹಿಡಿಯುತ್ತೇವೆ ಎಂದರು. ಮಕ್ಕಳೂ ಪೋಷಕರೂ ಒಪ್ಪಿದರು. ಆ ಕೇಸು ಬೇರೆ ರಾಜ್ಯಗಳ ಕೇಸುಗಳ ಜೊತೆ ಸೇರಿ, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಬ್ರೌನ್ ಕೇಸ್ ಎಂದು ಹೆಸರಾಯಿತು. 1954ರ ಮೇ 17ರಂದು ಒಂಬತ್ತೂ ನ್ಯಾಯಾಧೀಶರು ಒಂದೇ ದನಿಯಲ್ಲಿ, ಮಕ್ಕಳನ್ನು ಬಣ್ಣ ನೋಡಿ ಬೇರೆ ಶಾಲೆಗೆ ಕಳಿಸುವುದೇ ಅಸಮಾನತೆ ಎಂದರು. ಆಧಾರ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿ. ಕಾನೂನಿನ ಸಮಾನ ರಕ್ಷಣೆ ಎಂಬ ಅದೇ ಮಾತು ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಇದೆ.

ಆಮೇಲೆ ನಡೆದದ್ದು ಕೇಳಿ ಹೊಟ್ಟೆ ಉರಿಯಿತು. ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು ಆ ಕೌಂಟಿಯವರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 1959ರಲ್ಲಿ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಿಗೆ ಐದು ವರ್ಷ ಸರ್ಕಾರಿ ಶಾಲೆಯೇ ಇಲ್ಲ. ಹೀಗೆ ಮುಚ್ಚುವಂತಿಲ್ಲ ಎಂದು 1964ರಲ್ಲಿ ಮತ್ತೆ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇಲ್ಲಿ ಬೇರೆ ಮಾಡಿದ್ದು ಕಾನೂನು. ಕಾಗದದ ಮೇಲಿತ್ತು, ಕೋರ್ಟಿಗೆ ಹೊತ್ತುಕೊಂಡು ಹೋಗಬಹುದಿತ್ತು. ನಮ್ಮಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ 1950ರಿಂದಲೇ ಇದೆ. ಆದರೂ ನಾನು ಓದಿದ ಹಳ್ಳಿ ಶಾಲೆಯಲ್ಲಿ ಕೇರಿಯ ಹುಡುಗರು ನೀರಿನ ಮಡಕೆ ಮುಟ್ಟುತ್ತಿರಲಿಲ್ಲ. ಬೊಗಸೆ ಒಡ್ಡಿ ನಿಲ್ಲುತ್ತಿದ್ದರು, ನಾವು ಮೇಲಿಂದ ಹುಯ್ಯುತ್ತಿದ್ದೆವು. ನಾನೂ ಹುಯ್ದಿದ್ದೇನೆ. ಹಾಗೆ ಮಾಡಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಬರೆಯದೇ ಇದ್ದದ್ದನ್ನು ಯಾವ ಕೋರ್ಟಿಗೆ ಒಯ್ಯುವುದು?

ಅದೇ ಅಭ್ಯಾಸವನ್ನು ಇಲ್ಲಿಗೂ ತಂದಿದ್ದೇವೆ ಅನಿಸುತ್ತದೆ. ಯುಗಾದಿ ಊಟದಲ್ಲಿ ಒಬ್ಬರು, "ಆ ಕಡೆ ಮನೆ ತಗೋಬೇಡಿ, ಸ್ಕೂಲಲ್ಲಿ ಅವರೇ ಜಾಸ್ತಿ" ಅಂದರು. ಅವರು ಅಂದರೆ ಕಪ್ಪು ಜನ. ಸುತ್ತ ಕೂತಿದ್ದವರು ತಲೆಯಾಡಿಸಿದರು. ನಮ್ಮಂಥವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದಿದ್ದು ಆ "ಅವರೇ" ನಡೆಸಿದ ಹೋರಾಟದ ಕಾವಿನಲ್ಲಿ ಅಲ್ವಾ? ಅಂದು ನಾನು ಸುಮ್ನೆ ಇದ್ದೆ. ಈ ವಾರ ಆ ಮಾತಾಡಿದವರಿಗೆ ಫೋನ್ ಮಾಡಿ, ಮಕ್ಕಳನ್ನು ಕರೆದುಕೊಂಡು ಒಟ್ಟಿಗೆ ಫಾರ್ಮ್‌ವಿಲ್‌ಗೆ ಹೋಗಿಬರೋಣ ಎಂದೆ. ಶನಿವಾರ ಹೊರಡುತ್ತಿದ್ದೇವೆ.