ಸಾವಕಾಶ ದಾದಾ, ಸಾವಕಾಶ

ನಿನ್ನೆ ರಾತ್ರಿ ಸಾಂಧಣ ಕಣಿವೆಯಿಂದ ಪುಣೆಗೆ ವಾಪಸ್ ಬಂದೆ. ಕಾಲು ನೋಯುತ್ತಿದೆ. ಅದು ಬಿಡಿ, ಎರಡು ದಿನಕ್ಕೆ ಸರಿಹೋಗುತ್ತದೆ. ಕಿವಿಯೊಳಗಿನ ಸೀಟಿ ಮಾತ್ರ ಇನ್ನೂ ನಿಂತಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಟ್ರೆಕ್ ಲೀಡರ್ ಊದಿದ ಸೀಟಿ ಅದು. ಸೀಟಿಯ ಬೆನ್ನಿಗೇ "ಚಲಾ ಚಲಾ ಚಲಾ!" ಮರಾಠಿ ಬಾರದವರಿಗೂ ಅರ್ಥವಾಗುತ್ತದೆ. ನಡೀರಿ, ನಿಲ್ಲಬೇಡಿ, ಲೇಟಾಯ್ತು.

ಯಾವುದಕ್ಕೆ ಲೇಟು? ನನ್ನ ಪ್ರಶ್ನೆ ಇದೊಂದೇ. ಇಡೀ ಪೋಸ್ಟ್ ಇದರ ಬಗ್ಗೆಯೇ ಇದೆ, ಉದ್ದವೂ ಇದೆ. ಪುರಸೊತ್ತಿಲ್ಲದವರು ಇಲ್ಲಿಂದಲೇ ಮುಂದೆ ಹೋಗಬಹುದು. ನಮ್ಮ ಲೀಡರ್ ಆಗಿದ್ದರೆ ಈಗಾಗಲೇ ಹೋಗಿರುತ್ತಿದ್ದ.

ಸಾಂಧಣ ಇರೋದು ಮಹಾರಾಷ್ಟ್ರದ ಭಂಡಾರದರಾ ಹತ್ತಿರ, ಸಾಮ್ರದ್ ಅನ್ನೋ ಹಳ್ಳಿಯ ಮಗ್ಗುಲಲ್ಲಿ. ಸುತ್ತ ರತನಗಡ, ಅಲಂಗ್, ಮದನ್, ಕುಲಂಗ್ ಕೋಟೆಗಳು. ಹಳ್ಳಿ ದಾಟಿ ಸುಮ್ನೆ ನಡೆದು ಹೋಗುತ್ತಿರುತ್ತೀರಿ, ಇದ್ದಕ್ಕಿದ್ದಂತೆ ಮುಂದಿನ ನೆಲ ಸೀಳಿಕೊಂಡಿರುತ್ತದೆ. ಒಳಗಿಳಿದರೆ ಎರಡೂ ಕಡೆ ಕರಿ ಬಂಡೆಯ ಗೋಡೆ, ಕೆಲವು ಕಡೆ 200 ಅಡಿ ಎತ್ತರ. ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ. ಮಳೆಗಾಲದಲ್ಲಿ ಇದೇ ಸಂದಿನಲ್ಲಿ ನೀರು ಕೊಂಕಣದ ಕಡೆ ಧುಮುಕುತ್ತದೆ. ಚಳಿಗಾಲ ಬಂದ ಮೇಲೆ ನಮ್ಮಂಥವರು ಇಳಿಯುತ್ತೇವೆ. ಸಾಂಧಣ ಅಂದಾಗಲೆಲ್ಲ ನನಗೆ ನಮ್ಮ "ಸಂದು" ಅನ್ನೋ ಮಾತೇ ನೆನಪಾಗುತ್ತದೆ.

ದಾರಿಯಲ್ಲಿ ಎರಡು ಮಡು. ಮೊದಲನೆಯದರಲ್ಲಿ ಮೊಣಕಾಲವರೆಗೆ ನೀರು, ಎರಡನೆಯದರಲ್ಲಿ ಸೊಂಟದವರೆಗೆ. ಬಿಸಿಲು ಕಾಣದ ನೀರು, ಹಲ್ಲು ಕಟಕಟ ಅನ್ನೋ ಚಳಿ. ಬ್ಯಾಗನ್ನು ತಲೆ ಮೇಲೆ ಹೊತ್ತು ದಾಟಬೇಕು. ಅಡಿಯ ಕಲ್ಲು ಕಾಣಲ್ಲ. ಪಾದದಿಂದ ತಡವಿ, ಕಲ್ಲು ಅಲ್ಲಾಡುತ್ತದಾ ಅಂತ ನೋಡಿ, ಆಮೇಲೆ ಭಾರ ಹಾಕಬೇಕು. ಸಾಮ್ರದ್‌ನ ಒಬ್ಬ ಹುಡುಗ ನೀರಲ್ಲೇ ನಿಂತು ಒಬ್ಬೊಬ್ಬರ ಕೈ ಹಿಡಿದು ದಾಟಿಸುತ್ತಿದ್ದ. "ಸಾವಕಾಶ ದಾದಾ, ಸಾವಕಾಶ." ನಿಧಾನ ಅಣ್ಣಾ, ಅಂತ. ಹಿಂದಿನಿಂದ ಪೀಈಈ, ಚಲಾ ಚಲಾ! ನಾನು ಯಾರ ಮಾತು ಕೇಳಬೇಕು? ಅರವತ್ತು ಜನರಲ್ಲಿ ಐವತ್ತೈದು ಮಂದಿ ಸೀಟಿಯ ಮಾತು ಕೇಳಿದರು. ಇಬ್ಬರು ದಬಕ್ಕನೆ ನೀರಿಗೆ ಬಿದ್ದರು. ಒಬ್ಬರ ಫೋನ್ ಹೋಯಿತು. ಸಮಯ ಉಳಿಯಿತು, ಅದೇ ಸಂತೋಷ.

ಆ "ಸಾವಕಾಶ" ಕೇಳಿ ನನಗೆ ಒಳಗೆಲ್ಲೋ ಚುರ್ ಅಂದಿತು. ನಮ್ಮ ವಿಜಯಪುರದ ಕಡೆಯೂ ಇದೇ ಮಾತು ಅಲ್ವಾ. ಮಳೆ ಬಿದ್ದ ಎರೆ ಹೊಲದಲ್ಲಿ ನಾನು ಓಡಿದರೆ ಅಪ್ಪ ಬದುವಿನ ಮೇಲಿಂದ ಕೂಗುತ್ತಿದ್ದ, "ಗಡಬಡ ಮಾಡಬ್ಯಾಡೋ, ಸಾವಕಾಶ ಬಾ." ಹಸಿ ಎರೆ ಮಣ್ಣು ಗೊತ್ತಲ್ಲ ನಿಮಗೆ. ಚಪ್ಪಲಿಗೆ ಹತ್ತಿ ಹತ್ತಿ ಒಂದೊಂದು ಕಾಲಿಗೂ ಗುಂಡು ಕಟ್ಟಿದ ಹಾಗೆ ಆಗುತ್ತದೆ. ಓಡಿದವನ ಚಪ್ಪಲಿ ಹೊಲದಲ್ಲೇ ಉಳಿಯುತ್ತದೆ.

ಸೋಜಿಗ ಏನು ಗೊತ್ತಾ, ಅಪ್ಪನ ಆ ಎರೆ ಮಣ್ಣಿಗೂ ಸಾಂಧಣದ ಗೋಡೆಗೂ ಬೇರು ಒಂದೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಈ ಕಡೆ ನೆಲ ಬಿರಿದು ಲಾವಾ ಉಕ್ಕಿತು. ಚಿತ್ರದಲ್ಲಿ ತೋರಿಸೋ ಹಾಗೆ ಬಾಯಿ ತೆರೆದ ಒಂದು ಬೆಟ್ಟ ಅಲ್ಲ. ಉದ್ದುದ್ದ ಬಿರುಕುಗಳಿಂದ ಹರಿಯಿತು, ಹರಡಿತು, ಆರಿ ಕಲ್ಲಾಯಿತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಸವೆದು ಉಳಿದಿರೋದೇ ಇವತ್ತು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಘಟ್ಟದ ಕಡೆ ಪದರಗಳೆಲ್ಲ ಸೇರಿ ಕೆಲವೆಡೆ ಸುಮಾರು 2 ಕಿಲೋಮೀಟರ್ ದಪ್ಪ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಇದರ ದಕ್ಷಿಣದ ಅಂಚು. ಲಾವಾ ಆರಿ ಆದ ಆ ಬಸಾಲ್ಟ್ ಕಲ್ಲು ಸವೆದು ಪುಡಿಯಾಗಿಯೇ ಎರೆ ಮಣ್ಣಾಗಿದ್ದು. ಈ ಲಾವಾ ಪದರಗಳಿಗೆ ಡೆಕ್ಕನ್ ಟ್ರ್ಯಾಪ್ ಅನ್ನುತ್ತಾರೆ. ಟ್ರ್ಯಾಪ್ ಅಂದರೆ ಬಲೆ ಅಂದುಕೊಂಡಿದ್ದೆ ನಾನು. ಅಲ್ಲ, ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗೆ ಹೇಳೋ ಮಾತಿನಿಂದ ಬಂದದ್ದು. ಈ ಕಡೆಯ ಸಹ್ಯಾದ್ರಿಯ ಬೆಟ್ಟಗಳನ್ನು ದೂರದಿಂದ ನೋಡಿ, ಮೆಟ್ಟಿಲೇ.

ಇದನ್ನೆಲ್ಲ ಓದಿದ್ದೆ. ಕೈಯಲ್ಲಿ ಮುಟ್ಟಿದ್ದು ಶನಿವಾರ. ಕೊಂಕಣದ ಕಡೆ ಇಳಿಯುವಾಗ ಗೋಡೆಯಲ್ಲಿ ನನ್ನ ಎದೆಯ ಮಟ್ಟಕ್ಕೆ ಒಂದು ಕೆಂಪು ಪಟ್ಟಿ ಕಂಡಿತು. ಗೇಣಗಲ ಇರಬಹುದು. ಮೇಲೂ ಕರಿ ಬಂಡೆ, ಕೆಳಗೂ ಕರಿ ಬಂಡೆ, ನಡುವೆ ಇಟ್ಟಿಗೆ ಬಣ್ಣದ ಗೆರೆ. ಬೆರಳು ಉಜ್ಜಿದೆ, ಕೆಂಪು ಪುಡಿ ಹತ್ತಿಕೊಂಡಿತು. ಕೆಳಗಿನ ಲಾವಾ ಹರಿದು ಆರಿದ ಮೇಲೆ, ಮುಂದಿನದು ಬರುವವರೆಗೆ ಸಿಕ್ಕ ಬಿಡುವಿನಲ್ಲಿ, ಅದರ ಮೈ ಗಾಳಿ ಮಳೆಗೆ ಸವೆದು ಮಣ್ಣಾಗಿತ್ತು. ಆಮೇಲೆ ಮೇಲಿನ ಲಾವಾ ಬಂದು ಆ ಮಣ್ಣನ್ನು ಮುಚ್ಚಿಬಿಟ್ಟಿತು. ಅಂದರೆ ನಾನು ಮುಟ್ಟಿದ್ದು ಒಂದು ಹಳೇ ನೆಲ. ಆ ಲಾವಾ ಕೂಡ ಬಿಡುವು ತೆಗೆದುಕೊಂಡಿತ್ತು ಸ್ವಾಮಿ. ಅದಕ್ಕೆ ಯಾರೂ ಸೀಟಿ ಊದಿರಲಿಲ್ಲ.

ನನಗೆ ಊದಿದರು. ಹತ್ತು ಸೆಕೆಂಡ್ ನಿಂತಿರಲಿಲ್ಲ. "ಸರ್, ಫೋಟೋ ಆಯ್ತಲ್ಲ, ಚಲಾ!" ಫೋಟೋನೇ ತೆಗೆದಿರಲಿಲ್ಲ ನಾನು. ಇದೇ ಲೀಡರ್ ಬೆಳಿಗ್ಗೆ ಕಣಿವೆಯ ಬಾಯಲ್ಲಿ ಡ್ರೋನ್ ಹಾರಿಸೋಕೆ ನಮ್ಮನ್ನೆಲ್ಲ ಮುಕ್ಕಾಲು ಗಂಟೆ ಕೈ ಬೀಸುತ್ತಾ ನಿಲ್ಲಿಸಿದ್ದ. ಮೂರು ಟೇಕ್. ಆಗ ಲೇಟಾಗಲಿಲ್ಲ. 45 ಅಡಿ ಹಗ್ಗದಲ್ಲಿ ಇಳಿಯೋ ಜಾಗದಲ್ಲಿ ಎರಡು ಗಂಟೆ ಕ್ಯೂನಲ್ಲಿ ಕೂತಿದ್ದೆವು, ಅದೂ ಲೇಟಲ್ಲ. ಕಲ್ಲು ನೋಡಿದರೆ ಮಾತ್ರ ಲೇಟು!

ಈಗ ಒಂದು ವಿಷಯ ಹೇಳಿಬಿಡುತ್ತೇನೆ. ಹಳಬರಿಗೆ ಗೊತ್ತು, ಉಳಿದವರಿಗೂ ಗೊತ್ತಾಗಲಿ. ನಾಲ್ಕು ವರ್ಷ ಈ ಸೀಟಿ ನನ್ನ ಕೊರಳಲ್ಲೇ ಇತ್ತು. ವಾರಾಂತ್ಯಕ್ಕೆ ಗುಂಪು ಕಟ್ಟಿಕೊಂಡು ಹೋಗುತ್ತಿದ್ದೆ. ಒಂದು ಸಲ ಇಂಥದ್ದೇ ಒಂದು ಹಳ್ಳದಲ್ಲಿ ಒಬ್ಬರು ಅಕ್ಕ ಹಿಂದೆ ಬಿದ್ದರು. ಐವತ್ತು ದಾಟಿದವರು, ಮಂಡಿ ನೋವು. ನಾನು ಸಿಡುಕುತ್ತಾ ವಾಪಸ್ ಹೋದೆ. ಅವರು ಕೂತು ಒಂದು ಕಲ್ಲು ಹಿಡಿದುಕೊಂಡಿದ್ದರು. ಕರಿ ಕಲ್ಲಿನ ತೂತಿನೊಳಗೆ ಬೆಳ್ಳಗೆ ಹರಳು, ಥೇಟ್ ಕಲ್ಲುಸಕ್ಕರೆ. "ನೋಡು ತಮ್ಮಾ, ಇದೇನಿದು?" ಅಂದರು. ನಾನು ಏನಂದೆ ಗೊತ್ತಾ? "ಅಕ್ಕ, ಕಲ್ಲು ನಿಮ್ಮ ಮನೆ ಹತ್ತಿರಾನೂ ಸಿಗುತ್ತೆ, ಏಳಿ." ಅವರು ಕಲ್ಲನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಇನ್ನೊಂದು ಟ್ರೆಕ್‌ಗೆ ಬರಲೂ ಇಲ್ಲ.

ಅದು ಝಿಯೋಲೈಟ್ ಅಂತ ಎಷ್ಟೋ ದಿನದ ಮೇಲೆ ತಿಳಿಯಿತು. ಲಾವಾ ಆರುವಾಗ ಅದರಲ್ಲಿದ್ದ ಗಾಳಿಗುಳ್ಳೆ ತೂತಾಗಿ ಉಳಿಯುತ್ತದೆ. ಆಮೇಲೆ ಕಲ್ಲಿನ ಮೂಲಕ ಜಿನುಗಿದ ನೀರು ಆ ತೂತಿನೊಳಗೆ ಹರಳು ಕಟ್ಟುತ್ತದೆ. ಇಂಥ ಹರಳಿಗೆ ಈ ಸೀಮೆ ಜಗತ್ತಿನಲ್ಲೇ ಹೆಸರುವಾಸಿ. ಆ ಅಕ್ಕನಿಗೆ ಅದನ್ನು ಹೇಳಬೇಕಾಗಿದ್ದವನು ನಾನು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ಪುರಸೊತ್ತೂ ಇರಲಿಲ್ಲ. ಹಾಗಾಗಿ ಶನಿವಾರದ ಲೀಡರ್ ಮೇಲೆ ನಾನು ಇಷ್ಟು ಉರಿಯೋದರಲ್ಲಿ ಅರ್ಧ ಸಿಟ್ಟು ಯಾರ ಮೇಲಿನದು ಅಂತ ನೀವೇ ಲೆಕ್ಕ ಹಾಕಿ.

ಉಳಿದರ್ಧ ಅವನ ಮೇಲೇ. ಅದರಲ್ಲಿ ರಿಯಾಯಿತಿ ಇಲ್ಲ.

ಕಮೆಂಟಿನಲ್ಲಿ ಬರೋ ಮಾತು ನನಗೆ ಗೊತ್ತು. "ಸೇಫ್ಟಿ ಸರ್. ಕಣಿವೆಯಲ್ಲಿ ಬೇಗ ಕತ್ತಲಾಗುತ್ತೆ. ಮೇಲಿಂದ ಕಲ್ಲು ಬೀಳುತ್ತೆ. ನೀರು ಬಂದ್ರೆ?" ಸರಿ. ಕತ್ತಲ ಮಾತು ನಿಜ, ಅದಕ್ಕೆ ಬೆಳಿಗ್ಗೆ ಬೇಗ ಹೊರಡಿ, ಅರವತ್ತರ ಬದಲು ಹದಿನೈದು ಜನರನ್ನು ಕರೆದುಕೊಂಡು ಬನ್ನಿ. ಕಲ್ಲಿನ ಮಾತೂ ನಿಜ. ಆದರೆ ಯಾವ ಜಾಗದಲ್ಲಿ ನಿಲ್ಲಬಾರದು ಅಂತ ತಿಳಿಯೋಕೆ ಮೊದಲು ನೋಡಬೇಕಲ್ಲ? ಉರುಟಾದ ಗುಂಡುಗಳನ್ನು ನೀರು ಉರುಳಿಸಿ ತಂದಿರುತ್ತದೆ. ಚೂಪು ಅಂಚಿನ ಹೊಸ ಕಲ್ಲು ರಾಶಿ ಬಿದ್ದಿದ್ದರೆ ಅದು ಮೇಲಿನ ಗೋಡೆಯಿಂದ ಈಚೆಗೆ ಬಿದ್ದದ್ದು, ಅಲ್ಲಿ ಕೂರಬಾರದು. ಇದನ್ನು ಸಾಮ್ರದ್‌ನ ಹುಡುಗ ತೋರಿಸಿದ. ನಮ್ಮ ಲೀಡರ್ ಊಟಕ್ಕೆ ಕೂರಿಸಿದ್ದು ಸರಿಯಾಗಿ ಅಂಥ ರಾಶಿಯ ಬುಡದಲ್ಲಿ.

ಇನ್ನು ನೀರು. ಆ ಹುಡುಗ ಇನ್ನೊಂದು ತೋರಿಸಿದ. ಗೋಡೆಯ ಬಿರುಕಿನಲ್ಲಿ, ಎರಡಾಳು ಎತ್ತರದಲ್ಲಿ, ಒಣಹುಲ್ಲು ಕಡ್ಡಿ ಸೇರಿ ಒಂದು ಉಂಡೆ ಸಿಕ್ಕಿಕೊಂಡಿತ್ತು. ಹಕ್ಕಿ ಗೂಡು ಅಂದುಕೊಂಡೆ. "ಪಾಣಿ, ದಾದಾ" ಅಂದ. ಮಳೆಗಾಲದಲ್ಲಿ ನೀರು ಅಲ್ಲಿವರೆಗೆ ಬಂದಿತ್ತು. ನಾನು ಒಂದು ನಿಮಿಷ ಮಾತಾಡಲಿಲ್ಲ. ಮೇಲೆಲ್ಲೋ ಮಳೆ ಸುರಿದರೆ ನಿಮ್ಮ ತಲೆ ಮೇಲೆ ನೀಲಿ ಆಕಾಶ ಇದ್ದರೂ ನೀರು ಬರುತ್ತದೆ. 2024ರ ಜೂನ್ 30ರಂದು ಲೋಣಾವಳದ ಭೂಶಿ ಡ್ಯಾಂ ಹತ್ತಿರ ಜಲಪಾತದ ನಡುವೆ ನಿಂತಿದ್ದ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ಆ ವಿಡಿಯೋ ನೀವೂ ನೋಡಿರುತ್ತೀರಿ. ನೀರು ಏರಿದ ಮೇಲೆ ಎಷ್ಟು ಬೇಗ ನಡೆಯುತ್ತೀರಿ ಅನ್ನೋದು ಲೆಕ್ಕಕ್ಕೇ ಬರಲ್ಲ. ನೀರು ಕದಡಿತಾ, ಎಲೆ ಕಡ್ಡಿ ತೇಲಿ ಬಂತಾ, ಸದ್ದು ಬದಲಾಯ್ತಾ ಅಂತ ಮೊದಲೇ ಕಂಡುಕೊಂಡು ಎತ್ತರಕ್ಕೆ ಹತ್ತಬೇಕು. ಆ ಸದ್ದು ಕೇಳಬೇಕಾದರೆ ಮೊದಲು ಸೀಟಿ ನಿಲ್ಲಬೇಕು. ಹಾಗಾಗಿ ಸೇಫ್ಟಿ ಮಾತು ನನ್ನ ಹತ್ತಿರ ಬೇಡ.

ಕೊನೆಗೆ ಏನಾಯಿತು ಅಂತ ಹೇಳುತ್ತೇನೆ. ಕೆಳಗೆ ಡೇಹಣೆ ಅನ್ನೋ ಹಳ್ಳಿಗೆ ನಿಗದಿ ಮಾಡಿದ ಸಮಯಕ್ಕಿಂತ 20 ನಿಮಿಷ ಮೊದಲೇ ಮುಟ್ಟಿದೆವು. ಲೀಡರ್ ಎಲ್ಲರಿಗೂ ಹೈಫೈವ್ ಕೊಟ್ಟ. ಜೀಪ್ ಬಂದಿರಲಿಲ್ಲ. ಫೋನ್ ಮಾಡಿದರೆ "ಹೊರಟಿದ್ದೀವಿ" ಅಂದರು. ಎರಡೂಕಾಲು ಗಂಟೆ ರಸ್ತೆ ಬದಿ ಕೂತೆವು. ಲೀಡರ್ ಬ್ಯಾಗಿಗೆ ಒರಗಿ ನಿದ್ದೆ ಹೋದ, ಸೀಟಿ ಎದೆ ಮೇಲೆ. ನಾನು ಉಗುರಿನ ಸಂದಿಯಲ್ಲಿ ಉಳಿದಿದ್ದ ಕೆಂಪು ಪುಡಿ ನೋಡುತ್ತಾ ಕೂತಿದ್ದೆ.

ಈಗ ಫೀಡ್‌ಬ್ಯಾಕ್ ಫಾರ್ಮ್ ಕಳಿಸಿದ್ದಾರೆ. ಮೊದಲನೇ ಪ್ರಶ್ನೆ, ಸಮಯ ಪಾಲನೆಗೆ ಐದರಲ್ಲಿ ಎಷ್ಟು ಸ್ಟಾರ್? ನಿನ್ನೆಯಿಂದ ತೆರೆದಿಟ್ಟುಕೊಂಡಿದ್ದೇನೆ. ತುಂಬುತ್ತೇನೆ, ಸಾವಕಾಶ.